ಖಾಲಿ ಬಾಟಲಿ ಯಾರ ಬಾಗಿಲಿಗೆ?

ನೀಲಗಿರಿ ಜಿಲ್ಲೆಯ ಸರ್ಕಾರಿ ಮದ್ಯದಂಗಡಿಗಳಲ್ಲಿ 2022ರ ಮೇ ತಿಂಗಳಿಂದ ಪ್ರತಿ ಬಾಟಲಿಗೂ 10 ರೂಪಾಯಿ ಹೆಚ್ಚಿಗೆ ಕೊಡಬೇಕು. ಖಾಲಿ ಬಾಟಲಿಯನ್ನು ಅಂಗಡಿಗೆ ತಂದುಕೊಟ್ಟರೆ ಆ 10 ರೂಪಾಯಿ ವಾಪಸು. ಮದ್ಯ ಮಾರುವ ನಿಗಮ ತಾನಾಗಿ ಮಾಡಿದ ಏರ್ಪಾಡಲ್ಲ ಇದು, ಮದ್ರಾಸ್ ಹೈಕೋರ್ಟ್ ಪಟ್ಟು ಹಿಡಿದು ಮಾಡಿಸಿದ್ದು. ಗೂಡಲೂರು, ಮಸಿನಗುಡಿ, ಮುದುಮಲೆಯ ಕಾಡಂಚಿನಲ್ಲಿ ಪ್ರವಾಸಿಗಳು ಎಸೆದು ಒಡೆದ ಬಾಟಲಿಯ ಚೂರು ಆನೆಯ ಅಂಗಾಲಿಗೆ ನಾಟುತ್ತದೆ. ಅಷ್ಟು ದೊಡ್ಡ ಪ್ರಾಣಿಯ ಅಂಗಾಲು ಬಹಳ ಮೆತ್ತಗಿನದು. ಗಾಯ ಕೀವಾದರೆ ಆನೆ ನಡೆಯಲಾರದು, ನಡೆಯದ ಆನೆ ಬದುಕಲಾರದು. ಈ ವಿಷಯ ಕೋರ್ಟಿನ ಮುಂದೆ ಬಂದಾಗ ನ್ಯಾಯಮೂರ್ತಿಗಳು ಇನ್ನೊಂದು ಎಚ್ಚರಿಕೆ ಫಲಕ ಹಾಕಿಸಿ ಸುಮ್ಮನಾಗಲಿಲ್ಲ. ಮಾರಿದವರೇ ವಾಪಸು ತೆಗೆದುಕೊಳ್ಳಲಿ ಎಂದರು. ಕೆಲವೇ ತಿಂಗಳಲ್ಲಿ, ಮಾರಾಟವಾದ ಹತ್ತು ಬಾಟಲಿಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ಅಂಗಡಿಗೆ ಮರಳಿದವು.

ಗೋಡೆಬರಹಗಳಿಗೂ ಸ್ವಚ್ಛತಾ ಅಭಿಯಾನಗಳಿಗೂ ಆಗದ್ದನ್ನು 10 ರೂಪಾಯಿ ಹೇಗೆ ಮಾಡಿತು? ಹಣದ ಆಸೆ ಎನ್ನುವುದು ಅರ್ಧ ಉತ್ತರ. ಹಣದ ಆಸೆ ತೋರಿಸಿಯೂ ಸೋತ ಯೋಜನೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ನಮ್ಮ ದೇಶದಲ್ಲೂ ಇವೆ. ಗೆದ್ದವನ್ನೂ ಸೋತವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಒಂದೇ. ಗೆದ್ದ ಕಡೆಯಲ್ಲೆಲ್ಲ, ಖಾಲಿ ಬಾಟಲಿಯನ್ನು ‘ಬೇಡ’ ಎನ್ನುವ ಸ್ವಾತಂತ್ರ್ಯ ಮಾರಿದವನಿಗೆ ಇರಲಿಲ್ಲ.

ಠೇವಣಿ ಹೊಸದಲ್ಲ. ಸುಮಾರು 1800ರ ಹೊತ್ತಿಗೇ ಡಬ್ಲಿನ್ ನಗರದ ಥ್ವೈಟ್ಸ್ ಎಂಬ ಸೋಡಾ ತಯಾರಕರು ಡಜನ್ ಖಾಲಿ ಬಾಟಲಿಗೆ 2 ಶಿಲಿಂಗ್ ವಾಪಸು ಕೊಡುತ್ತಿದ್ದರು. ಆಗ ಗಾಜನ್ನು ಬಾಯಿಂದ ಊದಿ ಬಾಟಲಿ ಮಾಡಬೇಕಿತ್ತು, ಒಳಗಿನ ನೀರಿಗಿಂತ ಹೊರಗಿನ ಗಾಜು ದುಬಾರಿ. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ, ನಾವು ಗೋಲಿ ಸೋಡಾ ಎಂದು ಕರೆಯುವ ಬಾಟಲಿಯ ಕಥೆಯೂ ಅದೇ. ಸೋಡಾ ಅಂಗಡಿಯವನು ಬಾಟಲಿಯನ್ನು ಕೈಗೆ ಕೊಟ್ಟರೂ ಕಣ್ಣು ಅದರ ಮೇಲೇ ಇಡುತ್ತಿದ್ದ. ಗಾಜಿನ ಬಾಟಲಿಯ ಕೂಲ್ ಡ್ರಿಂಕ್ಸ್ ಕಾಲದಲ್ಲೂ ಅಂಗಡಿಯ ಮುಂದೆ ನಿಂತೇ ಕುಡಿಯಬೇಕಿತ್ತು. ಮನೆಗೆ ಒಯ್ಯುವುದಾದರೆ ಬಾಟಲಿಯ ದುಡ್ಡು ಇಟ್ಟು ಹೋಗಬೇಕಿತ್ತು. ಇಂದಿಗೂ ಬೆಂಗಳೂರಿನ ಮನೆಗಳಲ್ಲಿ 20 ಲೀಟರ್ ನೀರಿನ ಕ್ಯಾನು ಇದೇ ಕ್ರಮದಲ್ಲಿ ಓಡಾಡುತ್ತದೆ. ಮೊದಲ ಸಲ ಠೇವಣಿ, ಆಮೇಲೆ ಖಾಲಿ ಕೊಟ್ಟು ತುಂಬಿದ್ದು ತೆಗೆದುಕೊಳ್ಳುವುದು. ಇದಕ್ಕೆ ಯಾವ ಕಾನೂನೂ ಇಲ್ಲ. ಆದರೂ ನಗರದ ಯಾವ ರಾಜಕಾಲುವೆಯಲ್ಲೂ 20 ಲೀಟರ್ ಕ್ಯಾನುಗಳ ರಾಶಿ ಕಾಣುವುದಿಲ್ಲ. ಅದೇ ನೀರನ್ನು ಅರ್ಧ ಲೀಟರಿನ ಬಾಟಲಿಯಲ್ಲಿ ಮಾರಿದರೆ ಕಾಲುವೆ ಅವುಗಳಿಂದಲೇ ಕಟ್ಟಿಕೊಳ್ಳುತ್ತದೆ. ಕುಡಿಯುವ ಜನ ಅವರೇ. ಮಾರುವವನಿಗೆ ಒಂದು ವಾಪಸು ಬೇಕು, ಇನ್ನೊಂದು ಬೇಡ.

ಬಾಟಲಿ ‘ಬೇಡ’ವಾದದ್ದು ತಾನಾಗಿ ಅಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹೆದ್ದಾರಿಗಳು ಬಂದವು, ಸೂಪರ್ ಮಾರ್ಕೆಟ್‌ಗಳು ಬಂದವು. ದೂರದ ದೊಡ್ಡ ಕಾರ್ಖಾನೆಯಿಂದ ಸರಕು ಕಳಿಸುವವರಿಗೆ ಖಾಲಿ ಬಾಟಲಿ ಹೊತ್ತು ತರುವ ಲಾರಿ ದಂಡವಾಯಿತು. ಒಮ್ಮೆ ಬಳಸಿ ಎಸೆಯುವ ಡಬ್ಬಿ, ಬಾಟಲಿಗಳು ಅಂಗಡಿ ತುಂಬಿದವು. ವರ್ಮಾಂಟ್ ರಾಜ್ಯ 1953ರಲ್ಲಿ ಮರಳಿ ತುಂಬಲಾಗದ ಬಿಯರ್ ಬಾಟಲಿಗಳನ್ನು ನಿಷೇಧಿಸಿತು. ಅದೇ ವರ್ಷ ಡಬ್ಬಿ ಮತ್ತು ಬಾಟಲಿ ತಯಾರಿಸುವ ಕಂಪನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. ಅದು ಹಬ್ಬಿಸಿದ ಮಾತು ಸರಳ: ಕಸಕ್ಕೆ ಕಾರಣ ಕಸ ಎಸೆಯುವವನು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಮಾತು ಎಸೆಯಲೆಂದೇ ತಯಾರಾದ ವಸ್ತುವನ್ನೂ, ಅದನ್ನು ತಯಾರಿಸಿದವನನ್ನೂ ಚರ್ಚೆಯಿಂದ ಹೊರಗಿಟ್ಟಿತು. ವರ್ಮಾಂಟ್‌ನ ನಿಷೇಧ 1957ರಲ್ಲಿ ಕೊನೆಗೊಂಡಿತು. ನಮ್ಮೂರಿನ ಸ್ವಚ್ಛತಾ ಘೋಷಣೆಗಳಲ್ಲೂ ದೋಷ ಸದಾ ನಾಗರಿಕನದೇ ಆಗಿರುವುದನ್ನು ನೋಡಿದಾಗ, ಆ ಹಳೆಯ ಪ್ರಚಾರ ಎಷ್ಟು ದೂರ ತಲುಪಿದೆ ಎಂದು ಅಚ್ಚರಿಯಾಗುತ್ತದೆ.

ಇದನ್ನು ತಿರುಗಿಸಿದ್ದು ಆರೆಗನ್ ರಾಜ್ಯ. ಅಲ್ಲಿನ ಕಡಲತೀರ, ಬೆಟ್ಟಗಳಲ್ಲಿ ನಡೆಯುತ್ತ ಡಬ್ಬಿ ಬಾಟಲಿಗಳನ್ನು ಹೆಕ್ಕುತ್ತಿದ್ದ ರಿಚರ್ಡ್ ಚೇಂಬರ್ಸ್ ಎಂಬ ಸೇಲ್ಸ್‌ಮನ್ 1968ರಲ್ಲಿ ತನ್ನ ಶಾಸಕನಿಗೆ ಫೋನ್ ಮಾಡಿ ಕಾನೂನು ತನ್ನಿ ಎಂದು ಪಟ್ಟು ಹಿಡಿದ. ಮೊದಲ ಸಲ ಮಸೂದೆ ಬಿದ್ದುಹೋಯಿತು. 1971ರಲ್ಲಿ ಗವರ್ನರ್ ಟಾಮ್ ಮೆಕಾಲ್ ಸಹಿ ಹಾಕಿದರು. ಬಿಯರ್ ಮತ್ತು ಸೋಡಾದ ಹೆಚ್ಚಿನ ಬಾಟಲಿ, ಡಬ್ಬಿಗಳಿಗೆ 5 ಸೆಂಟ್ ಠೇವಣಿ, ಮಾರುವ ಅಂಗಡಿ ವಾಪಸು ತೆಗೆದುಕೊಳ್ಳಲೇಬೇಕು. ಅಲ್ಲಿಯವರೆಗೆ ರಸ್ತೆಬದಿಯ ಕಸದಲ್ಲಿ ಶೇ 40ರಷ್ಟಿದ್ದ ಪಾನೀಯ ಪಾತ್ರೆಗಳ ಪಾಲು ಕೆಲವೇ ವರ್ಷಗಳಲ್ಲಿ ಶೇ 10ರ ಆಸುಪಾಸಿಗೆ ಇಳಿಯಿತೆಂಬುದು ಆ ರಾಜ್ಯದ ಲೆಕ್ಕ. ಮುಂದೆ ಒಟ್ಟು ಹತ್ತು ರಾಜ್ಯಗಳಲ್ಲಿ ಇಂಥ ಕಾನೂನು ಉಳಿಯಿತು. ಉಳಿದ ರಾಜ್ಯಗಳಲ್ಲಿ ಪಾನೀಯ ಉದ್ಯಮ ಪ್ರತಿ ಸಲವೂ ಅಡ್ಡ ನಿಂತಿತು.

ನಾರ್ವೆಯಲ್ಲಿ 1972ರಲ್ಲಿ ಪೆಟರ್ ಮತ್ತು ತೋರೆ ಪ್ಲಾಂಕೆ ಎಂಬ ಸಹೋದರರು ಖಾಲಿ ಬಾಟಲಿಯನ್ನು ಗುರುತಿಸಿ ರಸೀದಿ ಕೊಡುವ ಯಂತ್ರ ಮಾಡಿದರು. ಅವರು ಕಟ್ಟಿದ ‘ತೋಮ್ರಾ’ ಕಂಪನಿಯ ಯಂತ್ರಗಳು ಇಂದು ಯುರೋಪಿನ ಅಂಗಡಿಗಳಲ್ಲಿ ಸಾಮಾನ್ಯ. ಸ್ವೀಡನ್ 1984ರಲ್ಲಿ ಅಲ್ಯುಮಿನಿಯಂ ಡಬ್ಬಿಗೆ ಠೇವಣಿ ತಂದಿತು. ಲಿಥುವೇನಿಯ 2016ರಲ್ಲಿ ಆರಂಭಿಸಿ ಎರಡೇ ವರ್ಷದಲ್ಲಿ ಶೇ 90 ದಾಟಿತು. ಸ್ಲೊವಾಕಿಯ, ರೊಮೇನಿಯ, ಹಂಗೆರಿ, ಐರ್ಲೆಂಡ್, ಆಸ್ಟ್ರಿಯ, ಪೋಲೆಂಡ್ ಈಚಿನ ಕೆಲವೇ ವರ್ಷಗಳಲ್ಲಿ ಸಾಲಾಗಿ ಸೇರಿಕೊಂಡಿವೆ. ಪ್ಲಾಸ್ಟಿಕ್ ಬಾಟಲಿಗಳಲ್ಲಿ ಶೇ 90ರಷ್ಟನ್ನು 2029ರೊಳಗೆ ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬ ಯುರೋಪಿಯನ್ ಒಕ್ಕೂಟದ ನಿಯಮ ಇದಕ್ಕೆ ಕಾರಣ.

ಆದರೆ ಠೇವಣಿಯ ಬಲವನ್ನೂ ಅದರ ಮಿತಿಯನ್ನೂ ಒಟ್ಟಿಗೆ ಕಾಣಬೇಕಾದರೆ ಜರ್ಮನಿಯನ್ನು ನೋಡಬೇಕು. ಅಲ್ಲಿ ಮರುತುಂಬುವ ಬಾಟಲಿಗೆ ದೊಡ್ಡ ಪರಂಪರೆಯೇ ಇತ್ತು. ಗುಂಟರ್ ಕುಪೆಟ್ಜ್ ಎಂಬ ವಿನ್ಯಾಸಕಾರ 1969ರಲ್ಲಿ ರೂಪಿಸಿದ 0.7 ಲೀಟರಿನ ಮಿನರಲ್ ವಾಟರ್ ಬಾಟಲಿಯ ಮೈಮೇಲೆ 230 ಗಾಜಿನ ಮುತ್ತುಗಳಿವೆ. ಅದು ಒಂದು ಕಂಪನಿಯ ಸೊತ್ತಲ್ಲ. ದೇಶದ ಹಲವಾರು ನೀರಿನ ಕಂಪನಿಗಳು ಅದನ್ನು ಹಂಚಿಕೊಂಡವು, ಲೇಬಲ್ ಮಾತ್ರ ಬೇರೆ. ಹಾಗಾಗಿ ಖಾಲಿ ಬಾಟಲಿ ತಾನು ಹುಟ್ಟಿದ ಕಾರ್ಖಾನೆಗೇ ಮರಳಬೇಕಿಲ್ಲ, ಹತ್ತಿರದ ಕಾರ್ಖಾನೆ ತೊಳೆದು ತುಂಬಬಹುದು. ಅಂಥ ಗಾಜಿನ ಬಾಟಲಿ ಸುಮಾರು 50 ಸುತ್ತು ತಿರುಗುತ್ತದೆ. ಭಾರತದ ಬಿಯರ್ ಉದ್ಯಮದಲ್ಲೂ 650 ಮಿಲಿಲೀಟರಿನ ಕಂದು ಬಾಟಲಿ ಗುಜರಿಯವರ ಕೈಯಿಂದ ತೊಳೆಯುವವರಿಗೆ, ಅಲ್ಲಿಂದ ಮತ್ತೆ ಕಾರ್ಖಾನೆಗೆ ಹೋಗುವುದು ಇದೇ ರೀತಿ. ನಮ್ಮಲ್ಲಿ ಅದನ್ನು ಯಾರೂ ಪರಿಸರ ಯೋಜನೆ ಎಂದು ಕರೆಯಲಿಲ್ಲ, ಅಷ್ಟೆ.

ಈ ಪರಂಪರೆಯನ್ನು ಕಾಯಲು ಪರಿಸರ ಸಚಿವ ಕ್ಲಾಸ್ ಟೋಪ್ಫರ್ ಕಾಲದ 1991ರ ನಿಯಮ ಒಂದು ಷರತ್ತು ಹಾಕಿತ್ತು. ಪಾನೀಯಗಳಲ್ಲಿ ಮರುತುಂಬುವ ಬಾಟಲಿಗಳ ಪಾಲು ಶೇ 72ಕ್ಕಿಂತ ಕೆಳಗಿಳಿದರೆ, ಒಮ್ಮೆ ಬಳಸುವ ಬಾಟಲಿ ಡಬ್ಬಿಗಳಿಗೆ ಕಡ್ಡಾಯ ಠೇವಣಿ. 1997ರಲ್ಲಿ ಪಾಲು ಇಳಿದೇ ಇಳಿಯಿತು. ಕೋರ್ಟು ಕಚೇರಿಗಳ ವರ್ಷಗಳು ಕಳೆದು, ಹಸಿರು ಪಕ್ಷದ ಸಚಿವ ಯೂರ್ಗೆನ್ ತ್ರಿತಿನ್ 2003ರ ಜನವರಿ 1ರಿಂದ ಠೇವಣಿ ಜಾರಿ ಮಾಡಿದರು. ಮೊದಲ ದಿನಗಳು ಗೊಂದಲಮಯವಾಗಿದ್ದವು. ಕೊಂಡ ಅಂಗಡಿಗೇ ರಸೀದಿ ಹಿಡಿದು ಹೋಗಬೇಕು. ಕೆಲವು ಸರಣಿ ಅಂಗಡಿಗಳು ಡಬ್ಬಿ ಮಾರುವುದನ್ನೇ ಬಿಟ್ಟವು. ಅಗ್ಗದ ಅಂಗಡಿಗಳು ತಮ್ಮದೇ ಆಕಾರದ ಬಾಟಲಿ ಮಾಡಿಸಿ, ಆ ಆಕಾರದ್ದನ್ನು ಮಾತ್ರ ವಾಪಸು ತೆಗೆದುಕೊಂಡವು. ಸಮಸ್ಯೆ ಬಿಡಿಸಿದ್ದು 2006ರ ಮೇ ತಿಂಗಳ ತಿದ್ದುಪಡಿ: ಪ್ಲಾಸ್ಟಿಕ್ ಬಾಟಲಿ ಮಾರುವ ಅಂಗಡಿ ಯಾರದೇ ಪ್ಲಾಸ್ಟಿಕ್ ಬಾಟಲಿ ಬಂದರೂ ತೆಗೆದುಕೊಳ್ಳಬೇಕು, ಡಬ್ಬಿ ಮಾರುವವನು ಯಾವ ಡಬ್ಬಿಯನ್ನಾದರೂ. ತೀರ ಸಣ್ಣ ಅಂಗಡಿಗೆ ಮಾತ್ರ ರಿಯಾಯಿತಿ. ಇಂದು ಒಮ್ಮೆ ಬಳಸುವ ಬಾಟಲಿಗೆ 25 ಸೆಂಟ್, ಮರುತುಂಬುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8, ಮಿನರಲ್ ವಾಟರಿಗೆ 15. ಒಮ್ಮೆ ಬಳಸುವ ಬಾಟಲಿಗಳಲ್ಲಿ ಶೇ 98ರಷ್ಟು ಮರಳುತ್ತವೆ.

ಈ ಶೇ 98ನ್ನು ಹೊಗಳುವ ಬರಹಗಳು ಒಂದು ಸಂಗತಿಯನ್ನು ಬಿಟ್ಟುಬಿಡುತ್ತವೆ. ಮರುತುಂಬುವ ಬಾಟಲಿಯನ್ನು ಉಳಿಸಲು ಬಂದ ಕಾನೂನಿನಡಿಯಲ್ಲೇ ಅದರ ಪಾಲು ಕುಸಿಯಿತು. 2003ರಲ್ಲಿ ಶೇ 60ರ ಮೇಲಿದ್ದದ್ದು ಈಚೆಗೆ ಶೇ 43ರ ಸುತ್ತ ಇದೆ. ಯಂತ್ರ ಬಂದ ಮೇಲೆ ಹಗುರ ಪ್ಲಾಸ್ಟಿಕ್ ಬಾಟಲಿ ಹಿಂತಿರುಗಿಸುವುದು ಭಾರದ ಗಾಜಿನ ಕ್ರೇಟ್ ಹೊರುವುದಕ್ಕಿಂತ ಸುಲಭವಾಯಿತು. ಅಂಗಡಿಗೆ ಒಂದೇ ಬಗೆಯ ಶುದ್ಧ ಪ್ಲಾಸ್ಟಿಕ್ ಸಿಕ್ಕಿತು, ಅದಕ್ಕೂ ಬೆಲೆ. ಠೇವಣಿ ಕೊಟ್ಟಿದ್ದೇನೆ, ಆದ್ದರಿಂದ ಇದು ಮತ್ತೆ ತುಂಬುವ ಬಾಟಲಿಯೇ ಇರಬೇಕು ಎಂದು ಬಹಳ ಮಂದಿ ನಂಬಿದರು. ನಿಜದಲ್ಲಿ ಯಂತ್ರದೊಳಗೆ ಬಿದ್ದ ಕೂಡಲೇ ಆ ಬಾಟಲಿ ಜಜ್ಜಿಹೋಗುತ್ತದೆ. ಕೊನೆಗೆ, ಯಾವುದು ಮರುತುಂಬುವುದು, ಯಾವುದು ಅಲ್ಲ ಎಂದು ಅಂಗಡಿಯ ಕಪಾಟಿನ ಬಳಿ ದೊಡ್ಡದಾಗಿ ಬರೆದು ಹಾಕುವಂತೆ ಕಾನೂನು ಹೇಳಬೇಕಾಯಿತು. ಬಾಟಲಿ ಬೀದಿಗೆ ಬೀಳದಂತೆ ತಡೆಯಲು ಠೇವಣಿಯಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಆದರೆ ಎಷ್ಟು ಪ್ಲಾಸ್ಟಿಕ್ ತಯಾರಾಗಬೇಕು ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ಈ ಎರಡನ್ನು ಬೆರೆಸಿ ಮಾತಾಡುವ ಕಂಪನಿಗಳ ಮಾತನ್ನು ಎಚ್ಚರದಿಂದ ಕೇಳಬೇಕು.

ಠೇವಣಿ ಎಷ್ಟಿರಬೇಕು ಎಂಬುದು ಕಷ್ಟದ ಪ್ರಶ್ನೆಯಲ್ಲ. ಮ್ಯಾಸಚುಸೆಟ್ಸ್ ರಾಜ್ಯ 1983ರ 5 ಸೆಂಟನ್ನೇ ಇಟ್ಟುಕೊಂಡು ಕೂತಿತು. ಮರಳುವ ಬಾಟಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಆರೆಗನ್ನಿನ ಕಾನೂನಿನಲ್ಲಿ ಜಾಣ ನಿಬಂಧನೆಯೊಂದಿತ್ತು: ಎರಡು ವರ್ಷ ಸತತ ಶೇ 80ಕ್ಕಿಂತ ಕಡಿಮೆ ಮರಳಿದರೆ ಠೇವಣಿ ತಾನಾಗಿ ಇಮ್ಮಡಿ. 2017ರಲ್ಲಿ ಅದು 10 ಸೆಂಟಾಯಿತು, ಬಾಟಲಿಗಳು ಮತ್ತೆ ಬರತೊಡಗಿದವು. ಮಿಷಿಗನ್ ಮೊದಲಿನಿಂದಲೂ 10 ಸೆಂಟ್ ಇಟ್ಟು ದಶಕಗಳ ಕಾಲ ಶೇ 90ರ ಆಸುಪಾಸು ಪಡೆಯಿತು. ಅಲ್ಲೂ ಕೋವಿಡ್ ಕಾಲದಲ್ಲಿ ಅಂಗಡಿಗಳು ಕೆಲ ತಿಂಗಳು ಬಾಟಲಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಅದು ಮುಕ್ಕಾಲು ಭಾಗಕ್ಕೆ ಇಳಿಯಿತು.

ಎಲ್ಲಿ ಹಿಂತಿರುಗಿಸಬೇಕು ಎಂಬುದು ಮೊತ್ತಕ್ಕಿಂತ ಮುಖ್ಯ. ಕ್ಯಾಲಿಫೋರ್ನಿಯ ಅಂಗಡಿಗಳನ್ನು ಬಿಟ್ಟು ಪ್ರತ್ಯೇಕ ಕೇಂದ್ರಗಳನ್ನು ನೆಚ್ಚಿಕೊಂಡಿತು. ಹತ್ತಿರ ಕೇಂದ್ರವಿಲ್ಲದಿದ್ದರೆ ಅಂಗಡಿಯೇ ತೆಗೆದುಕೊಳ್ಳಬೇಕಿತ್ತು, ಇಲ್ಲವೇ 2024ರವರೆಗೆ ದಿನಕ್ಕೆ 100 ಡಾಲರ್ ಕಟ್ಟಿ ಪಾರಾಗಬಹುದಿತ್ತು. ದೊಡ್ಡ ಅಂಗಡಿಗೆ 100 ಡಾಲರ್ ಏನೂ ಅಲ್ಲ. ಮರುಬಳಕೆ ವಸ್ತುಗಳ ಬೆಲೆ ಬಿದ್ದಾಗ, 2019ರ ಆಗಸ್ಟ್‌ನಲ್ಲಿ ರಿಪ್ಲಾನೆಟ್ ಎಂಬ ಕಂಪನಿ ತನ್ನ 284 ಕೇಂದ್ರಗಳನ್ನೂ ಒಂದೇ ದಿನ ಮುಚ್ಚಿತು. ಜನ ಠೇವಣಿ ಕಟ್ಟುತ್ತಲೇ ಇದ್ದರು, ವಾಪಸು ಪಡೆಯುವ ಜಾಗ ಮಾತ್ರ ಇರಲಿಲ್ಲ. ಇಂಥ ಸ್ಥಿತಿಯಲ್ಲಿ ಠೇವಣಿ ಎಂಬುದು ಬಡವರ ಮೇಲಿನ ತೆರಿಗೆಯಾಗುತ್ತದೆ.

ನಾರ್ವೆ ಬೇರೆ ದಾರಿ ಹಿಡಿಯಿತು, ನಾನು ಓದಿದವುಗಳಲ್ಲೆಲ್ಲ ಇದು ಅತ್ಯಂತ ಬುದ್ಧಿವಂತ ದಾರಿ. ಪ್ರತಿ ಬಾಟಲಿ ಡಬ್ಬಿಯ ಮೇಲೂ ಅಲ್ಲಿ ಪರಿಸರ ತೆರಿಗೆ ಇದೆ. ಮರಳುವ ಪ್ರಮಾಣ ಹೆಚ್ಚಿದಂತೆ ತೆರಿಗೆ ಇಳಿಯುತ್ತದೆ, ಶೇ 95 ಮುಟ್ಟಿದರೆ ಪೂರ್ತಿ ಮಾಫಿ. ಅಂದರೆ ಪ್ರತಿ ಬಾಟಲಿಯನ್ನೂ ಹುಡುಕಿ ತರಲು ಕಂಪನಿಗೇ ಲಾಭದ ಕಾರಣ ಇದೆ. ಸರ್ಕಾರ ಅಲ್ಲಿ ಬಾಟಲಿ ಎಣಿಸುತ್ತ ಕೂರುವುದಿಲ್ಲ. ‘ಇನ್ಫಿನಿಟುಮ್’ ಎಂಬ, ಉದ್ಯಮದವರೇ ನಡೆಸುವ ಸಂಸ್ಥೆ ಆ ಕೆಲಸ ಮಾಡುತ್ತದೆ.

ಮರಳದ ಬಾಟಲಿಗಳ ಹಣದ ಬಗ್ಗೆ ಸಾರ್ವಜನಿಕ ಚರ್ಚೆ ತೀರ ಕಡಿಮೆ, ಅದು ನನಗೆ ಬೇಸರದ ಸಂಗತಿ. ಜರ್ಮನಿಯಲ್ಲಿ ಅದು ಪಾನೀಯ ತುಂಬಿ ಮಾರಿದವರಲ್ಲೇ ಉಳಿಯುತ್ತದೆ. ಕಡಿಮೆ ಬಾಟಲಿ ಮರಳಿದಷ್ಟೂ ಅವರಿಗೆ ಗಳಿಕೆ! ಮಿಷಿಗನ್‌ನಲ್ಲಿ ಮುಕ್ಕಾಲು ಪಾಲು ರಾಜ್ಯದ ಪರಿಸರ ಕೆಲಸಕ್ಕೆ, ಕಾಲು ಪಾಲು ಅಂಗಡಿಯವರಿಗೆ. ನ್ಯೂಯಾರ್ಕ್ 2009ರ ತಿದ್ದುಪಡಿಯಲ್ಲಿ ಶೇ 80ನ್ನು ಖಜಾನೆಗೆ ತೆಗೆದುಕೊಂಡಿತು. ಜೊತೆಗೆ ಬಾಟಲಿ ತೆಗೆದುಕೊಳ್ಳುವ ಅಂಗಡಿಗೆ ಪ್ರತಿಯೊಂದಕ್ಕೂ 3.5 ಸೆಂಟ್ ನಿರ್ವಹಣಾ ಶುಲ್ಕ ನಿಗದಿ ಮಾಡಿತು. ಈ ಶುಲ್ಕದ ವಿಷಯ ಸಣ್ಣದಲ್ಲ. ತಮಿಳುನಾಡು ನೀಲಗಿರಿಯ ಯೋಜನೆಯನ್ನು ಬೇರೆ ಜಿಲ್ಲೆಗಳಿಗೆ ವಿಸ್ತರಿಸಿದಾಗ ಮದ್ಯದಂಗಡಿ ನೌಕರರೇ ವಿರೋಧಿಸಿದರು. ಖಾಲಿ ಬಾಟಲಿ ಇಡಲು ಜಾಗವಿಲ್ಲ, ಎಣಿಸಲು ಆಳಿಲ್ಲ, ಇದ್ದವರ ಮೇಲೇ ಹೊರೆ. ಅವರ ದೂರು ನ್ಯಾಯವಾದದ್ದು. ಹೊಣೆ ಮಾರುವ ಸಂಸ್ಥೆಯದಾಗಬೇಕೇ ಹೊರತು ಗಲ್ಲಾ ಪೆಟ್ಟಿಗೆಯ ಹಿಂದೆ ನಿಂತ ಒಬ್ಬ ನೌಕರನದಲ್ಲ.

ಠೇವಣಿ ಇರುವಲ್ಲೆಲ್ಲ ಬೇರೆಯವರ ಬಾಟಲಿ ಹೆಕ್ಕಿ ಬದುಕುವವರೂ ಇದ್ದಾರೆ. ಬರ್ಲಿನ್‌ನಲ್ಲಿ ಪಿಂಚಣಿ ಸಾಲದ ಹಿರಿಯರು ರೈಲು ನಿಲ್ದಾಣದ ಕಸದ ಬುಟ್ಟಿಗಳಲ್ಲಿ ಕೈಯಾಡಿಸುತ್ತಾರೆ. ‘ಬಾಟಲಿಯನ್ನು ಬುಟ್ಟಿಯೊಳಗೆ ಹಾಕಬೇಡಿ, ಪಕ್ಕದಲ್ಲಿಡಿ’ ಎಂಬ ಅಭಿಯಾನವೇ ಅಲ್ಲಿ ನಡೆಯಿತು. ಕೋಪನ್‌ಹೇಗನ್ ನಗರ ಕಸದ ಬುಟ್ಟಿಗೆ ಬಾಟಲಿ ಇಡುವ ಪುಟ್ಟ ಕಪಾಟು ಜೋಡಿಸಿತು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬಾಟಲಿ ಹೆಕ್ಕುವವರೇ ಸೇರಿ ನಡೆಸುವ ‘ಶೂರ್ ವಿ ಕ್ಯಾನ್’ ಎಂಬ ಕೇಂದ್ರವಿದೆ. ಅದೇ ನ್ಯೂಯಾರ್ಕಿನ ಅಂಗಡಿಗಳು ಒಬ್ಬರಿಂದ ದಿನಕ್ಕೆ 240ಕ್ಕಿಂತ ಹೆಚ್ಚು ಬಾಟಲಿ ತೆಗೆದುಕೊಳ್ಳದಿರಲು ಕಾನೂನೇ ಅವಕಾಶ ಕೊಟ್ಟಿದೆ. ಆ ಮಿತಿ ತಟ್ಟುವುದು ಮನೆಯವರಿಗಲ್ಲ, ಹೆಕ್ಕುವವರಿಗೆ. ಬಡ ದೇಶಗಳಿಗೆ ಯಂತ್ರವೂ ಬೇಕಿಲ್ಲ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ಕಿರಿಬಾಸ್‌ನಲ್ಲಿ 5 ಸೆಂಟ್ ಠೇವಣಿ ತೆಗೆದುಕೊಂಡು 4 ಸೆಂಟ್ ವಾಪಸು ಕೊಡುತ್ತಾರೆ, ಉಳಿದ 1 ಸೆಂಟ್ ವ್ಯವಸ್ಥೆ ನಡೆಸಲು. ಎಕ್ವಡೋರ್ ಪ್ರತಿ ಪ್ಲಾಸ್ಟಿಕ್ ಬಾಟಲಿಗೆ 2 ಸೆಂಟಿನ ತೆರಿಗೆ ಹಾಕಿ, ತಂದುಕೊಟ್ಟವರಿಗೆ ಅದನ್ನೇ ಹಿಂತಿರುಗಿಸುತ್ತದೆ.

ನಮ್ಮ ದೇಶದ ಅನುಭವ ಚೂರುಚೂರಾಗಿದೆ. ಮಹಾರಾಷ್ಟ್ರ 2018ರ ಪ್ಲಾಸ್ಟಿಕ್ ನಿಷೇಧದ ಜೊತೆಗೆ ನೀರಿನ ಬಾಟಲಿಗೆ 1, 2 ರೂಪಾಯಿಯ ಠೇವಣಿ ಘೋಷಿಸಿತು. ಮೊತ್ತ ಅಲ್ಪ, ತೆಗೆದುಕೊಳ್ಳುವವನು ಯಾರೆಂಬುದು ಅಸ್ಪಷ್ಟ, ಯೋಜನೆ ಮೇಲೇಳಲಿಲ್ಲ. ಕೇದಾರನಾಥದಲ್ಲಿ 2022ರಲ್ಲಿ ಹೈದರಾಬಾದಿನ ರೀಸೈಕಲ್ ಕಂಪನಿಯ ನೆರವಿನಿಂದ ಬಾಟಲಿಗಳಿಗೆ ಕ್ಯುಆರ್ ಕೋಡ್ ಅಂಟಿಸಿ 10 ರೂಪಾಯಿ ಠೇವಣಿ ಇಟ್ಟರು. ಒಂದೇ ದಾರಿಯಲ್ಲಿ ಹೋಗಿ ಬರುವ ಯಾತ್ರಿಕರಿಗೆ ಅದು ಹೊಂದಿತು. ಗೋವಾ 2024ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಯೋಜನೆಯನ್ನು ಅಧಿಸೂಚಿಸಿತು, ಉದ್ಯಮದ ವಿರೋಧ ಕೂಡಲೇ ಎದ್ದಿತು. ಕೇರಳ 2025ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಕೆಲವು ಮದ್ಯದಂಗಡಿಗಳಲ್ಲಿ 20 ರೂಪಾಯಿಯ ಠೇವಣಿಯನ್ನು ಪ್ರಯೋಗಕ್ಕಿಟ್ಟಿತು. ಬೆಟ್ಟ, ಯಾತ್ರಾಸ್ಥಳ, ಸರ್ಕಾರವೇ ಮಾರುವ ಮದ್ಯ: ಮಾರುವವನೂ ಮರಳಿಸುವ ಜಾಗವೂ ಗೊತ್ತಿರುವ ಕಡೆ ಇಲ್ಲಿ ಠೇವಣಿ ನಡೆದಿದೆ.

ಕರ್ನಾಟಕಕ್ಕೆ ಬಂದರೆ ಮೊದಲ ತೊಡಕು ಬಾಟಲಿಯದೇ ಅಲ್ಲ. ಇಲ್ಲಿ ಅಗ್ಗದ ಮದ್ಯ ಬಹುಪಾಲು ಮಾರಾಟವಾಗುವುದು 180 ಮತ್ತು 90 ಮಿಲಿಲೀಟರಿನ ಟೆಟ್ರಾ ಪ್ಯಾಕಿನಲ್ಲಿ. ಕಾಗದ, ಪ್ಲಾಸ್ಟಿಕ್, ಅಲ್ಯುಮಿನಿಯಂ ಅಂಟಿಸಿದ ಆ ಪೊಟ್ಟಣಕ್ಕೆ ಗುಜರಿಯಲ್ಲಿ ಬೆಲೆ ಇಲ್ಲ. ಕೆರೆ ಏರಿ, ಕಾಫಿ ತೋಟದ ಬೇಲಿ, ಶಾಲೆ ಮೈದಾನದಲ್ಲಿ ಅದು ಬಿದ್ದಲ್ಲೇ ಇರುತ್ತದೆ. ಗಾಜಿನ ಬಾಟಲಿಗೆ ಮಾತ್ರ ಠೇವಣಿ ತಂದರೆ ಕಂಪನಿಗಳು ಇನ್ನಷ್ಟು ಸರಕನ್ನು ಪೊಟ್ಟಣಕ್ಕೆ ಸರಿಸುತ್ತವೆ. ಆದ್ದರಿಂದ ಠೇವಣಿ ಪಾನೀಯದ ಮೇಲೆ ಬೀಳಬೇಕು, ಅದು ಗಾಜಿನಲ್ಲಿರಲಿ, ಪೊಟ್ಟಣದಲ್ಲಿರಲಿ. ರಾಜ್ಯದಲ್ಲಿ ಮದ್ಯದ ಸಗಟು ವ್ಯವಹಾರ 2003ರಿಂದ ಸರ್ಕಾರದ ಪಾನೀಯ ನಿಗಮದ ಕೈಯಲ್ಲೇ ಇದೆ. ಪ್ರತಿ ಪೆಟ್ಟಿಗೆಯ ಲೆಕ್ಕ ಅಲ್ಲಿರುವಾಗ, ಠೇವಣಿಯ ಲೆಕ್ಕ ಇಡಲಾಗದು ಎಂಬ ನೆಪ ನಿಲ್ಲುವುದಿಲ್ಲ.

ನೀರಿನ ಮತ್ತು ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಭಾರತದಲ್ಲಿ ಆ ಬಾಟಲಿಯ ದೊಡ್ಡ ಪಾಲು ಈಗಾಗಲೇ ಸಂಗ್ರಹವಾಗುತ್ತಿದೆ. ಅದನ್ನು ಮಾಡುತ್ತಿರುವವರು ಚಿಂದಿ ಆಯುವವರು, ಗುಜರಿಯವರು. ಒಂದು ಲೀಟರಿನ ಬಾಟಲಿ ಸುಮಾರು 25 ಗ್ರಾಂ ತೂಗುತ್ತದೆ ಎಂದುಕೊಂಡರೆ ಕಿಲೋಗೆ 40 ಬಾಟಲಿ ಬೇಕು. ಗುಜರಿ ದರದಲ್ಲಿ ಒಂದು ಬಾಟಲಿಗೆ ಒಂದು ರೂಪಾಯಿಯೂ ಹುಟ್ಟುವುದು ಕಷ್ಟ. ಅದೇ ಬಾಟಲಿಗೆ 5 ರೂಪಾಯಿ ಠೇವಣಿ ಇದ್ದರೆ ಆ ಕಿಲೋ 200 ರೂಪಾಯಿ. ಹೆಕ್ಕುವವರ ಬದುಕು ಬದಲಾಗಬಹುದು, ಹಣ ಅವರ ಕೈಗೆ ಬಂದರೆ ಮಾತ್ರ. ಮಾಲ್‌ಗಳ ಯಂತ್ರಕ್ಕೆ ಬಾಟಲಿ ಹಾಕಿದವರ ಮೊಬೈಲ್ ಖಾತೆಗೆ ಮಾತ್ರ ಹಣ ಹೋಗುವುದಾದರೆ, ಮಾಲ್‌ನ ಬಾಗಿಲಲ್ಲೇ ತಡೆಯಲ್ಪಡುವವರಿಗೆ ಅದು ಸಿಗುವುದಿಲ್ಲ. ಜೊತೆಗೆ ಒಣ ಕಸದಲ್ಲಿ ಒಳ್ಳೆಯ ಬೆಲೆ ಬಾಳುವ ವಸ್ತು ಇದೇ ಬಾಟಲಿ. ಇದನ್ನು ತೆಗೆದುಬಿಟ್ಟರೆ ಉಳಿಯುವುದು ಬಿಸ್ಕತ್ತಿನ ಹೊದಿಕೆ, ಹರಿದ ಕವರು. ಬೆಂಗಳೂರಿನ ವಾರ್ಡುಗಳ ಒಣ ಕಸ ಕೇಂದ್ರಗಳಲ್ಲಿ ಅನೇಕವನ್ನು ನಡೆಸುತ್ತಿರುವವರು ಒಂದು ಕಾಲಕ್ಕೆ ಬೀದಿಯಲ್ಲಿ ಚಿಂದಿ ಆಯ್ದವರು, 2011ರಿಂದ ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ಗುರುತಿನ ಚೀಟಿ ಪಡೆದವರು. ಬಾಟಲಿ ಕೈತಪ್ಪಿದರೆ ಆ ಕೇಂದ್ರಗಳ ಲೆಕ್ಕವೇ ಕೂಡುವುದಿಲ್ಲ.

ಈ ಆತಂಕಕ್ಕೆ ಈಗ ಹೊಸ ಕಾರಣವೂ ಸೇರಿದೆ. ಕೇಂದ್ರದ ಪ್ಲಾಸ್ಟಿಕ್ ನಿಯಮಗಳ ಪ್ರಕಾರ 2025–26ರಿಂದ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು, 2028–29ಕ್ಕೆ ಅದು ಶೇ 60. ಪಾನೀಯ ಕಂಪನಿಗಳಿಗೆ ಹೀಗಾಗಿ ಖಾಲಿ ಬಾಟಲಿ ಮತ್ತೆ ‘ಬೇಕು’ ಎನಿಸತೊಡಗಿದೆ. ಬೇರೆ ಕಸದ ಜೊತೆ ಬೆರೆಯದ ಶುದ್ಧ ಬಾಟಲಿ ಬೇಕಾದರೆ ಠೇವಣಿಯೇ ದಾರಿ ಎಂದು ಅವರೇ ಮುಂದೆ ಬರುವ ದಿನ ದೂರವಿಲ್ಲ. ಆಗ ನಿಯಮ ಬರೆಯುವ ಮೇಜಿನ ಸುತ್ತ ಯಾರು ಕೂತಿರುತ್ತಾರೆ ಎಂಬುದೇ ಮುಖ್ಯವಾಗುತ್ತದೆ. ಅಂಗಡಿಗಳು ಕಡ್ಡಾಯವಾಗಿ ತೆಗೆದುಕೊಳ್ಳಬೇಕು, ನಿರ್ವಹಣಾ ಶುಲ್ಕವನ್ನು ಕಂಪನಿ ಕೊಡಬೇಕು. ಈಗಿರುವ ಒಣ ಕಸ ಕೇಂದ್ರಗಳಿಗೂ ಹಿಂಪಡೆಯುವ ಕೇಂದ್ರದ ಮಾನ್ಯತೆ ಮತ್ತು ಅದೇ ಶುಲ್ಕ ಸಿಗಬೇಕು. ಠೇವಣಿಯನ್ನು ನಗದಾಗಿಯೇ ಕೇಳುವ ಹಕ್ಕು ಎಲ್ಲರಿಗೂ ಇರಬೇಕು. ಮರಳದ ಬಾಟಲಿಗಳ ಹಣ ಕಂಪನಿಯ ಖಾತೆಯಲ್ಲಿ ಉಳಿಯದೆ, ಯಾವ ಠೇವಣಿಯೂ ಮುಟ್ಟದ ಆ ಹೊದಿಕೆ, ಕವರುಗಳನ್ನು ವಿಂಗಡಿಸುವವರ ಕೂಲಿಗೆ ಹೋಗಬೇಕು. ಗೋವಾ, ಕೇರಳಗಳು ಆರಂಭಿಸಿದ ಕೆಲಸವನ್ನು ಕರ್ನಾಟಕ ಕೈಗೆತ್ತಿಕೊಳ್ಳುವಾಗ ಕರಡಿನ ಮೊದಲ ಪುಟದಲ್ಲೇ ಈ ಷರತ್ತುಗಳು ಇರಲಿ.